ಜಾವಾ ದತ್ತಾಂಶಕ್ಕೆ ಪ್ರೋಟೋಕಾಲ್ ಬಫರ್ಸ್: ಬಳಕೆದಾರನ ವಿಮರ್ಶೆ

ಜಾವಾ ಜೊತೆಗೇ ಬರುವ ಸೀರಿಯಲೈಸೇಶನ್ (ದತ್ತಾಂಶವನ್ನು ಬೈಟುಗಳಾಗಿಸಿ ಉಳಿಸುವ) ಸೌಲಭ್ಯದಲ್ಲಿ ಫೈಲಿಗೆ ಬರೆದಿಟ್ಟ ದತ್ತಾಂಶ, ಅದರ ರಚನೆಯನ್ನು ಹೇಳುವ ಕ್ಲಾಸಿಗೆ ಒಂದು ಹೊಸ ಫೀಲ್ಡ್ (ಮಾಹಿತಿಯ ಅಂಶ) ಸೇರಿಸಿದ ಮಾತ್ರಕ್ಕೆ ಓದಲಾಗದಂತಾಗಬಹುದು. ಹಾಗಾಗದಿರಲು ಕ್ಲಾಸಿನ ಆವೃತ್ತಿ ಸಂಖ್ಯೆಯನ್ನು ಮೊದಲೇ ನಾವೇ ನಿಗದಿಪಡಿಸಿರಬೇಕು. ವರ್ಷಗಟ್ಟಲೆ ಉಳಿಯಬೇಕಾದ ದತ್ತಾಂಶಕ್ಕೆ, ಗೂಗಲ್ 2008ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ, ಇದೇ ಕೆಲಸ ಮಾಡುವ ಪ್ರೋಟೋಕಾಲ್ ಬಫರ್ಸ್ ಇದಕ್ಕಿಂತ ಬಹಳ ನಂಬಿಕೆಯ ಸಾಧನ ಎಂದು ನಾನು ಭಾವಿಸುತ್ತೇನೆ.

ದತ್ತಾಂಶದ ರಚನೆಯನ್ನು ಪ್ರೋಟೋ ಫೈಲಿನಲ್ಲಿ ಬರೆದು, ಅದರಿಂದ ಕೋಡ್ ತಯಾರಿಸುವ ಪ್ರೋಟಾಕ್ ಕಂಪೈಲರಿಗೆ ಕೊಟ್ಟರೆ, ಒಮ್ಮೆ ಕಟ್ಟಿದ ಮೇಲೆ ಬದಲಾಗದ ಜಾವಾ ಕ್ಲಾಸ್, ಅದನ್ನು ಕಟ್ಟುವ ಬಿಲ್ಡರ್, ಬೈಟುಗಳಿಗೆ ಬರೆದು ಓದುವ ಮೆಥಡ್‌ಗಳು ಎಲ್ಲವೂ ತಯಾರಾಗಿ ಸಿಗುತ್ತವೆ. ಬೈಟುಗಳಲ್ಲಿ ಫೀಲ್ಡಿನ ಹೆಸರು ಇರುವುದೇ ಇಲ್ಲ, ಅದರ ಸಂಖ್ಯೆ ಮಾತ್ರ ಇರುತ್ತದೆ. ಒಂದನೇ ಫೀಲ್ಡಿನಲ್ಲಿ 150 ಎಂಬ ಪೂರ್ಣಾಂಕವನ್ನಿಟ್ಟರೆ ಒಟ್ಟು ಮೂರೇ ಬೈಟು: ಹೆಕ್ಸ್‌ನಲ್ಲಿ 08, 96, 01. ಆದ್ದರಿಂದ ಹೆಸರು ಬದಲಿಸಿದರೂ ಹಳೆಯ ಬೈಟುಗಳು ಕೆಡುವುದಿಲ್ಲ. ಆದರೆ ತೆಗೆದುಹಾಕಿದ ಫೀಲ್ಡಿನ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಲೇಬಾರದು, ಅದನ್ನು ರಿಸರ್ವ್ಡ್ ಎಂದು ಗುರುತಿಸಿಡಬೇಕು. 1ರಿಂದ 15ರವರೆಗಿನ ಸಂಖ್ಯೆಗಳ ಗುರುತಿಗೆ ಒಂದೇ ಬೈಟು ಸಾಕಾಗುವುದರಿಂದ ಅವನ್ನು ಹೆಚ್ಚು ಬಳಕೆಯ ಫೀಲ್ಡ್‌ಗಳಿಗೆ ಮೀಸಲಿಡುವುದು ಒಳ್ಳೆಯದು. ಇಂಟ್32 ಎಂಬ ಪೂರ್ಣಾಂಕ ಬಗೆಯ ಫೀಲ್ಡಿನಲ್ಲಿ ಋಣ ಸಂಖ್ಯೆಯೊಂದು ಹತ್ತು ಬೈಟು ತಿನ್ನುತ್ತದೆ. ಅಂಥಲ್ಲಿ ಋಣ ಸಂಖ್ಯೆಗಳನ್ನು ಚಿಕ್ಕದಾಗಿ ಬರೆಯುವ ಎಸ್‌ಇಂಟ್32 ಬಗೆಯನ್ನು ಬಳಸಬೇಕು.

ತೊಡಕುಗಳೂ ಇವೆ. ಬಿಲ್ಡರಿಗೆ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಕೊಟ್ಟರೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ದೋಷ ಬರುತ್ತದೆ. ಡೇಟಾಬೇಸಿನಿಂದ ನಲ್‌ಗಳನ್ನು ಹೊತ್ತು ತರುವ ಹಳೆಯ ಕೋಡಿಗೆ ಇದನ್ನು ಅಳವಡಿಸುವುದು ಬೇಸರದ ಕೆಲಸ. ಪ್ರೋಟೋ ಫೈಲಿನ ಪ್ರೋಟೋ3 ಎಂಬ ಬರವಣಿಗೆ ರೂಪದಲ್ಲಿ ಫೀಲ್ಡಿಗೆ ಆಪ್ಷನಲ್ ಎಂದು ಬರೆಯದಿದ್ದರೆ, ಸೊನ್ನೆಯನ್ನು ಬೇಕೆಂದೇ ಇಟ್ಟದ್ದೋ ಏನೂ ಇಡಲಿಲ್ಲವೋ ತಿಳಿಯದು. ಖಾತೆಯ ಬಾಕಿಯಂಥ ಫೀಲ್ಡಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಪ್ರೋಟಾಕ್ ಉತ್ಪಾದಿಸಿದ ಕ್ಲಾಸನ್ನು ವಿಸ್ತರಿಸಲು ಬರುವುದಿಲ್ಲ. ನಮ್ಮ ನಿಯಮಗಳು ಬೇಕಿದ್ದರೆ ಅದನ್ನು ಒಳಗಿಟ್ಟುಕೊಳ್ಳುವ ರ‍್ಯಾಪರ್ ಕ್ಲಾಸನ್ನು ಕೈಯಾರೆ ಬರೆಯಬೇಕೆಂದು ಅಧಿಕೃತ ದಾಖಲೆಯೇ ಹೇಳುತ್ತದೆ. ಹೆಚ್ಚಿನ ಕೆಲಸವಾದರೂ ನನಗೆ ಇದು ಸರಿಯೆನಿಸುತ್ತದೆ: ವಯಸ್ಸು ಋಣವಾಗಿರಬಾರದು ಎಂಬಂಥ ಪರಿಶೀಲನೆಗೆ ತಕ್ಕ ಜಾಗ ಅದೇ, ಮತ್ತು ಸಂಗ್ರಹದ ರೂಪ ಬದಲಾದಾಗ ಉಳಿದ ಕೋಡನ್ನು ಮುಟ್ಟಬೇಕಾಗುವುದಿಲ್ಲ.

ಕಣ್ಣಿನಿಂದ ಓದಿ ತಿದ್ದಬೇಕಾದ ಸಣ್ಣ ಸೆಟ್ಟಿಂಗ್ಸ್ ಫೈಲಿಗೆ ಜೇಸನ್ ಎಂಬ ಪಠ್ಯರೂಪ ಸಾಕು. ಪ್ರೋಟೋಕಾಲ್ ಬಫರ್ಸ್ ಅನ್ನೇ ಆರಿಸುವವರು ಕ್ಲಾಸುಗಳನ್ನು ಪ್ರತಿ ಬಿಲ್ಡ್‌ನಲ್ಲೂ ಹೊಸದಾಗಿ ಉತ್ಪಾದಿಸುವಂತೆ ಮೇವನ್ ಅಥವಾ ಗ್ರೇಡಲ್ ಎಂಬ ಬಿಲ್ಡ್ ಸಾಧನದಲ್ಲಿ ಹೊಂದಿಸಿ, ಪ್ರೋಟಾಕ್‌ಗಿಂತ ಹಳೆಯ ಆವೃತ್ತಿಯ ರನ್‌ಟೈಮ್ ಲೈಬ್ರರಿ (ಆ ಕ್ಲಾಸುಗಳು ಓಡಲು ಬೇಕಾದ ಕೋಡ್) ಪ್ರಾಜೆಕ್ಟಿನೊಳಗೆ ನುಸುಳದಂತೆ ನೋಡಿಕೊಳ್ಳಬೇಕು.