ಓಡೂ ಬಿಟ್ಟು ಇಆರ್‌ಪಿನೆಕ್ಸ್ಟ್ ಹಿಡಿದೆವು: ರಾಣೆಬೆನ್ನೂರಿನ ಬೀಜದ ಲೆಕ್ಕ

ರಾಣೆಬೆನ್ನೂರಿನ ನಮ್ಮ ಬೀಜದ ಘಟಕದಲ್ಲಿ ದಾಸ್ತಾನು, ಹಣದ ಲೆಕ್ಕ ಇಡುವ ಸಾಫ್ಟ್‌ವೇರ್ ಆಗಿ ಈಗ ಇಆರ್‌ಪಿನೆಕ್ಸ್ಟ್ ಓಡುತ್ತಿದೆ. ಅದಕ್ಕೂ ಮೊದಲು ಒಂದು ಹಂಗಾಮು ಪೂರ್ತಿ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಓಡೂದ ಉಚಿತ ಕಮ್ಯುನಿಟಿ ಭಾಗ ಇತ್ತು. ಎರಡನ್ನೂ ದಿನಾ ಬಳಸಿದವನು, ಕೆಟ್ಟಾಗ ಸರಿಮಾಡಿದವನು ನಾನೇ. ನಮ್ಮಂಥ ಸಣ್ಣ ಬೀಜದ ಕಂಪನಿಗೆ ಇಆರ್‌ಪಿನೆಕ್ಸ್ಟೇ ಸರಿ. ಓಡೂ ಕೆಟ್ಟದ್ದು ಅಂತ ಅಲ್ಲ. ಕೆಲವು ಕಡೆ ಅದೇ ಮುಂದಿದೆ, ಅದನ್ನೂ ಬರೆಯುತ್ತೇನೆ.

ಮೊದಲು ನಮ್ಮ ಕೆಲಸದ ಬಗ್ಗೆ ಸ್ವಲ್ಪ. ಹೈಬ್ರಿಡ್ ತರಕಾರಿ ಮತ್ತು ಹತ್ತಿ ಬೀಜವನ್ನು ರೈತರ ಹೊಲದಲ್ಲಿ ಬೆಳೆಸುತ್ತೇವೆ. ಗಂಡು, ಹೆಣ್ಣು ತಳಿಯ ಬೀಜ ನಾವೇ ಕೊಡುತ್ತೇವೆ. ಕೈಯಲ್ಲಿ ಪರಾಗ ಹಾಯಿಸುವ ಕ್ರಾಸಿಂಗ್ ಕೂಲಿಗೆ ಮುಂಗಡ ಹಣ ಹೋಗುತ್ತದೆ, ಹೆಚ್ಚಿನ ಸಲ ರೈತರಿಗೂ ನಮಗೂ ನಡುವೆ ಇರುವ ಆರ್ಗನೈಸರ್ ಮೂಲಕ. ಬೀಜ ಬಂದ ಮೇಲೆ ಪ್ರತಿ ರೈತನ ಮಾಲಿಗೂ ಒಂದು ಲಾಟ್ ನಂಬರ್. ಆಮೇಲೆ ಮೊಳಕೆ ಪರೀಕ್ಷೆ, ತಳಿ ಶುದ್ಧತೆಗೆ ಬಿತ್ತಿ ಬೆಳೆಸಿ ನೋಡುವ ಗ್ರೋಔಟ್ ಪರೀಕ್ಷೆ. ಅದರಲ್ಲಿ ಪಾಸಾದರೆ ಮಾತ್ರ ರೈತನಿಗೆ ಕೊನೆಯ ಪಾವತಿ. ಅಂದರೆ ಸಾಫ್ಟ್‌ವೇರ್‌ಗೆ ಮೂರು ಸಂಗತಿ ಒಟ್ಟಿಗೆ ಗೊತ್ತಿರಬೇಕು: ಲಾಟ್ ಯಾವುದು, ಪರೀಕ್ಷೆ ಏನಾಯಿತು, ಮುಂಗಡ ಎಷ್ಟು ಹೋಗಿದೆ. ಎಕ್ಸೆಲ್‌ನಲ್ಲಿ ಇದನ್ನು ಹಿಡಿದಿಡುವುದು ನಮ್ಮಿಂದ ಆಗುತ್ತಿರಲಿಲ್ಲ.

ಓಡೂ ಬಂದದ್ದು ಬೇರೆ ಊರಿನ ಒಬ್ಬ ಸಾಫ್ಟ್‌ವೇರ್ ಗುತ್ತಿಗೆದಾರರ ಮೂಲಕ. "ಓಪನ್ ಸೋರ್ಸ್ ಸಾರ್, ಪೂರ್ತಿ ಉಚಿತ, ಕೂಡಿಸಿ ಕೊಡೋಕೆ ಮಾತ್ರ ದುಡ್ಡು" ಅಂದರು. ಕೂಡಿಸಿದರು, ದುಡ್ಡು ಕೊಟ್ಟೆವು. ಅವರು ಹೇಳದೆ ಬಿಟ್ಟದ್ದು ಒಂದಿತ್ತು. ಓಡೂ 2015ರಲ್ಲೇ 9ನೇ ಆವೃತ್ತಿಯಿಂದ ಎರಡು ಭಾಗವಾಗಿದೆ. ಕಮ್ಯುನಿಟಿ ಭಾಗದ ಕೋಡ್ ಎಲ್‌ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿದೆ. ಎಂಟರ್‌ಪ್ರೈಸ್ ಭಾಗಕ್ಕೆ ಬಳಕೆದಾರರ ಲೆಕ್ಕದಲ್ಲಿ ಚಂದಾ ಕಟ್ಟಬೇಕು. ಪೂರ್ತಿ ಅಕೌಂಟಿಂಗ್ ವರದಿಗಳು, ಗುಣಮಟ್ಟ ಪರೀಕ್ಷೆಯ ಕ್ವಾಲಿಟಿ ಆ್ಯಪ್, ಬಾರ್‌ಕೋಡ್ ಆ್ಯಪ್, ಫಾರ್ಮ್ ಬದಲಿಸುವ ಸ್ಟುಡಿಯೋ, ಇವೆಲ್ಲ ಆ ಎರಡನೇ ಭಾಗದಲ್ಲಿವೆ. ಓಡೂದವರು ಇದನ್ನು ಮುಚ್ಚಿಟ್ಟಿಲ್ಲ, ಯಾವುದರಲ್ಲಿ ಏನಿದೆ ಅಂತ ಪಟ್ಟಿಯನ್ನೇ ಹಾಕಿದ್ದಾರೆ. ಆದರೆ ಗುತ್ತಿಗೆದಾರರ ಮಾತು ನಂಬಿ ದುಡ್ಡು ಕೊಟ್ಟವರಿಗೆ ಆ ಪಟ್ಟಿಯನ್ನು ಯಾರು ತೋರಿಸಬೇಕಿತ್ತು? ಮೊಳಕೆ ಪರೀಕ್ಷೆಯ ಫಲಿತಾಂಶ ಬರೆದಿಡಲು ಜಾಗ ಎಲ್ಲಿ ಅಂತ ಕೇಳಿದಾಗ, ಬೇರೆ ಮಾಡ್ಯೂಲ್ ಬರೆದು ಕೊಡುತ್ತೇವೆ ಅಂತ ಹೊಸ ಬಿಲ್ಲಿನ ಅಂದಾಜು ಬಂತು.

ಇಆರ್‌ಪಿನೆಕ್ಸ್ಟ್‌ನಲ್ಲಿ ಈ ಎರಡು ಭಾಗದ ಲೆಕ್ಕ ಇಲ್ಲ. ಮುಂಬೈಯ ಫ್ರಾಪೆ ಕಂಪನಿ ಮಾಡಿರುವ ಈ ಸಾಫ್ಟ್‌ವೇರ್ ಪೂರ್ತಿ ಜಿಪಿಎಲ್ 3 ಎಂಬ ತೆರೆದ ಪರವಾನಗಿಯಲ್ಲಿದೆ. ಕ್ವಾಲಿಟಿ ಇನ್ಸ್‌ಪೆಕ್ಷನ್ ಅದರಲ್ಲೇ ಇದೆ. ಮೊಳಕೆ ಪ್ರಮಾಣ, ತೇವಾಂಶ, ಭೌತಿಕ ಶುದ್ಧತೆ ಅಂತ ಒಂದು ಟೆಂಪ್ಲೇಟ್ ಮಾಡಿ, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ಕೊಟ್ಟೆ. ಮಿತಿ ಮೀರಿದ್ದನ್ನು ಅದೇ ತಿರಸ್ಕೃತ ಅಂತ ಗುರುತು ಮಾಡುತ್ತದೆ. ನನಗೆ ಬೇಕಾಗಿದ್ದ ಬಹುಪಾಲು ಅಲ್ಲಿಗೇ ಸಿಕ್ಕಿತು.

ಇನ್ನು ನನ್ನನ್ನು ನಿಜವಾಗಿ ಕಾಡಿದ್ದು ಕನ್ನಡದ ಚೀಟಿ.

ರೈತನಿಗೆ ಕೊಡುವ ಪಾವತಿ ಚೀಟಿ ಕನ್ನಡದಲ್ಲೇ ಇರಬೇಕು. ಇದು ನಮ್ಮಲ್ಲಿ ಹಳೇ ಪದ್ಧತಿ, ಬಿಡುವ ಮಾತೇ ಇಲ್ಲ. ತೂಕ, ಕಳೆದ ಕಸ, ಮುಂಗಡ, ಉಳಿದ ಹಣ, ಎಲ್ಲವನ್ನೂ ರೈತ ಅಲ್ಲೇ ನಿಂತು ಓದುತ್ತಾನೆ. ಮನೆಗೆ ಹೋಗಿ ಹೆಂಡತಿಯೂ ಓದುತ್ತಾಳೆ. ಕ್ರಾಸಿಂಗ್ ಕೆಲಸದಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಕೂಲಿಯ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ಇಂಗ್ಲಿಷ್ ಚೀಟಿ ಕೊಟ್ಟರೆ ಲೆಕ್ಕ ಮುಚ್ಚಿಟ್ಟ ಹಾಗೆ. ಮುಂದಿನ ವರ್ಷ ಆ ರೈತ ಬೇರೆ ಕಂಪನಿಯ ಪ್ಲಾಟ್ ಮಾಡುತ್ತಾನೆ.

ಓಡೂದಲ್ಲಿ ಮೊದಲ ಚೀಟಿ ತೆಗೆದಾಗ ಕನ್ನಡ ಇದ್ದ ಕಡೆಯೆಲ್ಲ ಖಾಲಿ ಚೌಕಗಳು. ಇದು ಸುಲಭದ ತೊಂದರೆ: ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿದೆ, ಚೌಕ ಹೋಯಿತು. ಆದರೆ ಅಕ್ಷರ ಬಂದ ರೀತಿ ನೋಡಿ ಬೇಸರವಾಯಿತು. ಕರ್ಜಗಿ ಎಂಬ ಊರಿನ ಹೆಸರಲ್ಲಿ ಅರ್ಕಾವತ್ತು ಜ ಅಕ್ಷರದ ಬಲಕ್ಕೆ ಹೋಗಿ ಕೂರಬೇಕು, ಅಲ್ವಾ? ಅಲ್ಲಿ ರ ಬೇರೆ, ಹಲಂತ ಬೇರೆ, ಜ ಬೇರೆ. ಮೇಡ್ಲೇರಿಯ ಒತ್ತಕ್ಷರ ಪಕ್ಕಕ್ಕೆ ಸರಿದಿತ್ತು. ರಟ್ಟೀಹಳ್ಳಿಯಂತೂ ಓದುವ ಹಾಗೇ ಇರಲಿಲ್ಲ. ಸ್ವಂತ ಊರಿನ ಹೆಸರೇ ಹೀಗೆ ಒಡೆದು ಬಂದರೆ ಕೆಳಗಿನ ಅಂಕಿಯನ್ನು ರೈತ ಹೇಗೆ ನಂಬಬೇಕು?

ಕಾರಣ ಹುಡುಕಿದಾಗ ಸಿಕ್ಕಿದ್ದು ಡಬ್ಲ್ಯುಕೆ ಎಚ್‌ಟಿಎಂಎಲ್ ಟು ಪಿಡಿಎಫ್ ಎಂಬ ಸಣ್ಣ ಪ್ರೋಗ್ರಾಂ. ಓಡೂ ತನ್ನ ಚೀಟಿ, ಬಿಲ್ಲುಗಳನ್ನು ಪಿಡಿಎಫ್ ಮಾಡುವುದು ಇದರಿಂದ. ಇದರೊಳಗೆ ಇರುವುದು ಹಳೇ ಕಾಲದ ವೆಬ್‌ಕಿಟ್ ಎಂಜಿನ್. ಇದರ ಕೊನೆಯ ಸ್ಥಿರ ಆವೃತ್ತಿ 0.12.6 ಬಂದದ್ದು 2020ರಲ್ಲಿ. 2023ರಲ್ಲಿ ಅದರ ಕೋಡ್ ಭಂಡಾರವನ್ನೇ ಮುಚ್ಚಿ ಓದಲು ಮಾತ್ರ ಬಿಟ್ಟಿದ್ದಾರೆ. ಇನ್ನು ಯಾರೂ ಸರಿಮಾಡಿ ಕೊಡುವವರಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇದರಿಂದ ತೊಂದರೆ ಕಾಣುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡಿದ ಕ್ರಮ ಬೇರೆ, ಕಾಗದದ ಮೇಲೆ ಕೂರುವ ಕ್ರಮ ಬೇರೆ. ಆ ಜೋಡಣೆ ಮಾಡುವ ಭಾಗ ಹಳೆಯದಾದರೆ ಒತ್ತಕ್ಷರ ಒಡೆಯುತ್ತದೆ.

ಇದರಲ್ಲಿ ಎರಡು ಬಗೆ ಸಿಗುತ್ತದೆ. ಓಡೂ ಕೇಳುವುದು ಅದರೊಳಗಿನ ಕ್ಯೂಟಿ ಎಂಬ ಭಾಗಕ್ಕೆ ತೇಪೆ ಹಾಕಿ ತಿದ್ದಿದ ಬಗೆ. ಲಿನಕ್ಸ್ ಭಂಡಾರದಿಂದ ನೇರವಾಗಿ ಬರುವುದು ತೇಪೆ ಇಲ್ಲದ ಬಗೆ. ಎರಡನೆಯದು ಹಾಕಿದಾಗ ನಮ್ಮ ಸರ್ವರ್‌ನಲ್ಲಿ ಕನ್ನಡ ಸರಿಯಾಗಿ ಬಂತು. ಆದರೆ ಅದಕ್ಕೆ ಪುಟದ ಮೇಲ್ಭಾಗ, ಕೆಳಭಾಗ ಬರೆಯಲು ಬರುವುದಿಲ್ಲ. ಲೆಟರ್‌ಹೆಡ್ ಮಾಯ, ಪುಟ ಸಂಖ್ಯೆ ಮಾಯ. ಅಕ್ಷರ ಬೇಕೆಂದರೆ ಕಂಪನಿ ಹೆಸರಿಲ್ಲ, ಹೆಸರು ಬೇಕೆಂದರೆ ಅಕ್ಷರ ಸರಿಯಿಲ್ಲ. ಡೆವಲಪರ್ ಮೋಡ್‌ಗೆ ಹೋಗಿ ಚೀಟಿಯನ್ನು ಪಿಡಿಎಫ್ ಬದಲು ಎಚ್‌ಟಿಎಂಎಲ್ ಮಾಡಬಹುದು. ಅದನ್ನೂ ಮಾಡಿದೆ. ಒಂದೊಂದು ವರದಿಗೂ ಬೇರೆ ಬೇರೆ ಬದಲಿಸಬೇಕು. ಸ್ಟುಡಿಯೋ ಇಲ್ಲದ್ದರಿಂದ ವಿನ್ಯಾಸ ತಿದ್ದಲು ಎಕ್ಸ್‌ಎಂಎಲ್ ಕೈಯಲ್ಲೇ ಬರೆಯಬೇಕು. ಹಂಗಾಮಿನ ನಡುವೆ, ಹೊರಗೆ ರೈತರು ಕಾಯುತ್ತಿರುವಾಗ ಇದು ಆಗುವ ಕೆಲಸ ಅಲ್ಲ. ಆ ವರ್ಷ ಚೀಟಿಗಳನ್ನು ಕೈಯಲ್ಲೇ ಬರೆದೆವು.

ಇಆರ್‌ಪಿನೆಕ್ಸ್ಟ್ ಕೂಡ ಪಿಡಿಎಫ್ ಗುಂಡಿಗೆ ಅದೇ ಹಳೇ ಪ್ರೋಗ್ರಾಂ ಬಳಸುತ್ತದೆ. ನಾವು ನಡೆಸುವ 15ನೇ ಆವೃತ್ತಿಯಲ್ಲಿ ಆ ಗುಂಡಿ ಒತ್ತಿದರೆ ಅದೇ ಒಡೆದ ಕನ್ನಡ. ಆದರೆ ಅಲ್ಲಿ ಪ್ರಿಂಟ್ ಅಂತ ಇನ್ನೊಂದು ಗುಂಡಿ ಇದೆ. ಅದು ಚೀಟಿಯನ್ನು ಬ್ರೌಸರ್‌ನಲ್ಲೇ ತೆರೆಯುತ್ತದೆ, ಬ್ರೌಸರೇ ಪ್ರಿಂಟರ್‌ಗೆ ಕಳಿಸುತ್ತದೆ. ಕ್ರೋಮ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ. ಕರ್ಜಗಿ ಕರ್ಜಗಿಯಾಗಿಯೇ ಬಂತು. ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕಾದರೆ ಕ್ರೋಮ್‌ನಿಂದಲೇ ಪಿಡಿಎಫ್ ಆಗಿ ಉಳಿಸುತ್ತೇವೆ. ಚೀಟಿಯ ವಿನ್ಯಾಸಕ್ಕೆ ಪ್ರಿಂಟ್ ಫಾರ್ಮ್ಯಾಟ್ ಬಿಲ್ಡರ್ ಇದೆ, ಎಳೆದು ಬಿಟ್ಟರೆ ಸಾಕು. ರೈತನ ಹೆಸರು, ಊರು ಕನ್ನಡದಲ್ಲಿ ಬರೆಯಲು ಎರಡು ಹೊಸ ಖಾನೆ ಬೇಕಿತ್ತು. ಕಸ್ಟಮೈಸ್ ಫಾರ್ಮ್‌ಗೆ ಹೋಗಿ ಸೇರಿಸಿದೆ. ಒಂದು ಸಾಲು ಕೋಡ್ ಬರೆಯಲಿಲ್ಲ, ಯಾರಿಗೂ ದುಡ್ಡು ಕೊಡಲಿಲ್ಲ.

ಪರದೆಯ ಮೇಲಿನ ಭಾಷೆಯನ್ನು ಮಾತ್ರ ಇಂಗ್ಲಿಷ್‌ನಲ್ಲೇ ಬಿಟ್ಟಿದ್ದೇವೆ. ಅಲ್ಲಿಯ ಕನ್ನಡ ಅನುವಾದ ಇನ್ನೂ ತಿದ್ದುವಂತಿದೆ, ಕನ್ನಡದವರೇ ಕೈ ಹಾಕಬೇಕು.

ಲಾಟ್ ವಿಷಯಕ್ಕೆ ಬಂದರೆ ಓಡೂ ಮೇಲು. ಒಂದು ಲಾಟ್ ಎಲ್ಲಿಂದ ಬಂತು, ಯಾವ ಯಂತ್ರದಲ್ಲಿ ಹೋಯಿತು, ಯಾವ ಅಂಗಡಿಗೆ ಹೊರಟಿತು ಅಂತ ಒಂದೇ ಪರದೆಯಲ್ಲಿ ಬಿಚ್ಚಿ ತೋರಿಸುತ್ತದೆ. ಅವಧಿ ಮುಗಿಯುವ ದಿನಾಂಕವೂ ಕಮ್ಯುನಿಟಿಯಲ್ಲೇ ಇದೆ. ಬೀಜದ ಚೀಲದ ಮೇಲಿನ ಅವಧಿ ಪರೀಕ್ಷೆಯ ದಿನದಿಂದ 9 ತಿಂಗಳು, ಹಾಗಾಗಿ ಇದು ನಮಗೆ ಬಹಳ ಮುಖ್ಯ. ಇಆರ್‌ಪಿನೆಕ್ಸ್ಟ್‌ನಲ್ಲೂ ಬ್ಯಾಚ್ ಎಂಬ ಹೆಸರಲ್ಲಿ ಲಾಟ್ ಇದೆ, ಅವಧಿ ಇದೆ. ಆದರೆ 15ನೇ ಆವೃತ್ತಿಯಲ್ಲಿ ಸೀರಿಯಲ್ ಆ್ಯಂಡ್ ಬ್ಯಾಚ್ ಬಂಡಲ್ ಅಂತ ಹೊಸ ಏರ್ಪಾಡು ತಂದರು. ಸುಮ್ನೆ ಬ್ಯಾಚ್ ನಂಬರ್ ಬರೆಯುವ ಬದಲು ಪ್ರತಿ ಸಲ ಇನ್ನೊಂದು ಕಿಟಕಿ ತೆರೆಯಬೇಕು. ಗೋದಾಮಿನ ಹುಡುಗರಿಗೆ ಇದು ಹಿಡಿಸಲಿಲ್ಲ. ಆಮೇಲಿನ ಸುಧಾರಣೆಯಲ್ಲಿ ಹಳೇ ಖಾನೆಗಳನ್ನೇ ಬಳಸುವ ಆಯ್ಕೆ ಕೊಟ್ಟರು. ಸ್ಟಾಕ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮೊದಲೇ ಹಾಕಿಕೊಳ್ಳಿ.

ಕೂಡಿಸುವುದು ಓಡೂದಲ್ಲಿ ಸಲೀಸು. ಪೋಸ್ಟ್‌ಗ್ರೆಸ್ ಮತ್ತು ಒಂದು ಪ್ಯಾಕೇಜ್, ಅಷ್ಟೇ. ಇಆರ್‌ಪಿನೆಕ್ಸ್ಟ್‌ಗೆ ಮರಿಯಾಡಿಬಿ, ರೆಡಿಸ್, ನೋಡ್, ಪೈಥಾನ್ ಎಂಬ ಬೇರೆ ಬೇರೆ ಸಾಫ್ಟ್‌ವೇರ್ ಎಲ್ಲದರ ಆವೃತ್ತಿ ಹೊಂದಬೇಕು. ಬೆಂಚ್ ಎಂಬ ಅದರ ಸಾಧನವನ್ನು ಕಲಿಯಲು ತಾಳ್ಮೆ ಬೇಕು. ಅಪ್‌ಡೇಟ್ ಮಾಡುವ ಮೊದಲು ಬ್ಯಾಕಪ್ ತೆಗೆಯದೆ ಇರಬೇಡಿ. ಇದೆಲ್ಲ ಬೇಡ ಅನ್ನುವವರಿಗೆ ಕಂಪನಿಯೇ ಸರ್ವರ್ ನೋಡಿಕೊಳ್ಳುವ ಫ್ರಾಪೆ ಕ್ಲೌಡ್ ಇದೆ.

ನೋಡಲು ಓಡೂ ಚಂದ. ಜಿಎಸ್‌ಟಿ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ, ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲದ್ದರಿಂದ ನಮಗೆ ಅದರ ಕೆಲಸ ಬಹಳ ಕಡಿಮೆ.

ಹಣದ ಲೆಕ್ಕ ಹೀಗಿದೆ. ನಮ್ಮಲ್ಲಿ ವರ್ಷಪೂರ್ತಿ ಕಂಪ್ಯೂಟರ್ ಮುಂದೆ ಕೂರುವವರು ಮೂರು ನಾಲ್ಕು ಜನ. ಬೀಜ ಬರುವ ಕಾಲಕ್ಕೆ ತೂಕದವರು, ಪರೀಕ್ಷೆ ಮಾಡುವವರು, ಹೊಲ ಸುತ್ತುವ ಮೇಲ್ವಿಚಾರಕರು ಎಲ್ಲ ಸೇರಿ ಹತ್ತು ದಾಟುತ್ತದೆ. ಓಡೂ ಎಂಟರ್‌ಪ್ರೈಸ್‌ನ ಹಾಗೆ ತಲೆಗೆ ಇಷ್ಟು ಅಂತ ಚಂದಾ ಇದ್ದರೆ ಮೇಲ್ವಿಚಾರಕರಿಗೆ ಲಾಗಿನ್ ಕೊಡಲು ಮಾಲೀಕರ ಮನಸ್ಸು ಒಪ್ಪುವುದಿಲ್ಲ. ಆಗ ಅವರು ಚೀಟಿಯಲ್ಲಿ ಬರೆದು ತರುತ್ತಾರೆ, ಮತ್ತೊಬ್ಬರು ಅದನ್ನು ಟೈಪ್ ಮಾಡುತ್ತಾರೆ, ತಪ್ಪು ಅಲ್ಲೇ ಸೇರುತ್ತದೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಲಾಗಿನ್ ಎಷ್ಟು ಕೊಟ್ಟರೂ ಖರ್ಚು ಸರ್ವರ್‌ನದ್ದು ಮಾತ್ರ. ಈಗ ಹಿರೇಕೆರೂರು ಕಡೆಯ ಮೇಲ್ವಿಚಾರಕರು ಹೊಲದಿಂದಲೇ ಮೊಬೈಲ್‌ನಲ್ಲಿ ದಾಖಲಿಸುತ್ತಾರೆ.

ಪರವಾನಗಿಯ ಬಗ್ಗೆ ನಾನು ಇಷ್ಟು ಹಿಡಿದು ಮಾತಾಡಲು ಕಾರಣ ಇತ್ತೀಚಿನ ಸುದ್ದಿಗಳು. 2023ರ ಆಗಸ್ಟ್‌ನಲ್ಲಿ ಸರ್ವರ್ ಸಿದ್ಧಪಡಿಸುವ ಟೆರಾಫಾರ್ಮ್ ಸಾಫ್ಟ್‌ವೇರ್ ತೆರೆದ ಪರವಾನಗಿ ಬಿಟ್ಟಿತು. 2024ರ ಮಾರ್ಚ್‌ನಲ್ಲಿ ರೆಡಿಸ್ ಬಿಟ್ಟಿತು. ರೆಡಿಸ್ ನಮ್ಮ ಇಆರ್‌ಪಿನೆಕ್ಸ್ಟ್ ಒಳಗೇ ಓಡುವ ಸಾಫ್ಟ್‌ವೇರ್, ಹಾಗಾಗಿ ಆ ಸುದ್ದಿ ಓದಿ ನನಗೆ ಚಿಂತೆಯಾಗಿತ್ತು. ಆದರೆ ಹಳೇ ಕೋಡ್ ತೆರೆದೇ ಇತ್ತು. ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಆ ಕೋಡ್‌ನಿಂದಲೇ ವಾಲ್ಕಿ ಅಂತ ಕವಲು ಹುಟ್ಟಿತು. 2025ರ ಮೇ ತಿಂಗಳಲ್ಲಿ ರೆಡಿಸ್ ಕೂಡ ಎಜಿಪಿಎಲ್ ಎಂಬ ತೆರೆದ ಪರವಾನಗಿಯನ್ನು ಸೇರಿಸಿಕೊಂಡಿತು. ಪೂರ್ತಿ ಕೋಡ್ ನಮ್ಮ ಕೈಯಲ್ಲಿ ಇರುವುದರ ಬೆಲೆ ಇದು. ಕಂಪನಿ ನಾಳೆ ಮನಸ್ಸು ಬದಲಿಸಿದರೂ ಇವತ್ತಿನ ಕೋಡ್ ನಮ್ಮಿಂದ ಕಿತ್ತುಕೊಳ್ಳಲು ಆಗುವುದಿಲ್ಲ. ಅರ್ಧ ತೆರೆದ ಸಾಫ್ಟ್‌ವೇರ್‌ನಲ್ಲಿ ನಮಗೆ ಬೇಕಾದ ಭಾಗ ಮುಚ್ಚಿದ ಅರ್ಧದಲ್ಲಿದ್ದರೆ ಈ ಧೈರ್ಯ ಇರುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಮ್ಮ ಕಡತಗಳಿಗೆ ಭಾರತದ್ದೇ ಕಂಪನಿಯ ಜೋಹೋ ಸಾಫ್ಟ್‌ವೇರ್ ಬಳಸುತ್ತೇನೆ ಅಂದ ಮೇಲೆ ನಮ್ಮ ಮಾಲೀಕರೂ ಜೋಹೋ ಯಾಕೆ ಬೇಡ ಅಂತ ಕೇಳಿದರು. ಸ್ವದೇಶಿ ಆಗಬೇಕು ಅನ್ನುವುದು ನನಗೂ ಒಪ್ಪಿಗೆ. ಆದರೆ ಅದರ ಕೋಡ್ ನಮಗೆ ಸಿಗುವುದಿಲ್ಲ. ಇಆರ್‌ಪಿನೆಕ್ಸ್ಟ್ ಸ್ವದೇಶಿಯೂ ಹೌದು, ತೆರೆದದ್ದೂ ಹೌದು. ಬೆಂಗಳೂರಿನಲ್ಲಿ ಷೇರು ವ್ಯವಹಾರ ನಡೆಸುವ ಜೆರೋಧಾದಂಥ ದೊಡ್ಡ ಕಂಪನಿಯೇ ಇದನ್ನು ಬಳಸುತ್ತದೆ ಅಂದಾಗ ಅವರಿಗೂ ಸಮಾಧಾನವಾಯಿತು.

ಬೀಜದವರಿಗೆ ಮುಂದೆ ಬರುವ ಕೆಲಸ ಕ್ಯೂಆರ್ ಕೋಡ್. ಬೀಜದ ಜಾಡು ಹಿಡಿಯುವ ಸಾಥಿ ಪೋರ್ಟಲ್ ಅನ್ನು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಶುರು ಮಾಡಿತು. 2025ರ ನವೆಂಬರ್‌ನಲ್ಲಿ ಹೊರಬಂದ ಬೀಜ ಮಸೂದೆಯ ಕರಡಿನಲ್ಲೂ ಚೀಲದ ಮೇಲೆ ಕ್ಯೂಆರ್ ಕೋಡ್ ಮಾತಿದೆ. ಲಾಟ್ ಲೆಕ್ಕ ಈಗಲೇ ಕಂಪ್ಯೂಟರ್‌ನಲ್ಲಿ ಇದ್ದವರಿಗೆ ಆಗ ಕಷ್ಟ ಕಡಿಮೆ. ಇದಕ್ಕೆ ಎರಡರಲ್ಲಿ ಯಾವುದಾದರೂ ನಡೆದೀತು.

ಯಾರಿಗೆ ಓಡೂ ಸರಿ ಅಂತ ಕೇಳಿದರೆ, ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟವರಿಗೆ, ಕೌಂಟರ್ ಬಿಲ್ಲಿಂಗ್ ಮುಖ್ಯ ಆದವರಿಗೆ ಹೇಳುತ್ತೇನೆ. ಅದರ ಪಾಯಿಂಟ್ ಆಫ್ ಸೇಲ್ ತುಂಬಾ ಚುರುಕು. ಎಂಟರ್‌ಪ್ರೈಸ್ ಚಂದಾ ಕಟ್ಟುವ ಶಕ್ತಿ ಇದ್ದರೆ ಕ್ವಾಲಿಟಿ, ಬಾರ್‌ಕೋಡ್ ಎಲ್ಲ ಸಿದ್ಧವಾಗಿ ಸಿಗುತ್ತದೆ. ಬಳಸುವ ಜನ ಕಡಿಮೆ ಇದ್ದರೆ ಆ ಚಂದಾ ಭಾರವೂ ಅಲ್ಲ. ಆದರೆ ಹಂಗಾಮಿಗೆ ಜನ ಹೆಚ್ಚುವ, ರೈತರಿಗೆ ಕನ್ನಡದಲ್ಲಿ ಚೀಟಿ ಕೊಡುವ ಬೀಜದ ಕಂಪನಿ, ಎಣ್ಣೆ ಮಿಲ್ಲು, ಹತ್ತಿ ಜಿನ್ನಿಂಗ್ ಘಟಕಗಳವರು ಇಆರ್‌ಪಿನೆಕ್ಸ್ಟ್ ನೋಡಿ. ಕೂಡಿಸಿಕೊಡುವವರು ಯಾರೇ ಬರಲಿ, ಮುಂಗಡ ಕೊಡುವ ಮೊದಲು ನಿಮ್ಮದೇ ರೈತರ ಹೆಸರು, ಊರು ಹಾಕಿದ ಒಂದು ಕನ್ನಡ ಚೀಟಿಯನ್ನು ನಿಮ್ಮ ಪ್ರಿಂಟರ್‌ನಲ್ಲೇ ತೆಗೆದು ತೋರಿಸಿ ಅಂತ ಕೇಳಿ. ಕ್ವಾಲಿಟಿ, ಅಕೌಂಟಿಂಗ್ ಯಾವ ಭಾಗದಲ್ಲಿದೆ ಅನ್ನುವುದನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.