ಗಿಫ್ಟ್ ಬಂದಿದೆ ಎಂದು ಕರೆದು ಹಾಲಿಡೇ ಮೆಂಬರ್‌ಶಿಪ್ ಮಾರುವವರು: ಸಹಿಗೆ ಮುಂಚೆ ಓದಿ

ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಲಕ್ಕಿ ಡ್ರಾ ಕೂಪನ್ ತುಂಬಿಸಿಕೊಳ್ಳುತ್ತಾರೆ. ಕೆಲವೇ ದಿನಕ್ಕೆ ಫೋನ್: "ಸರ್, ನಿಮಗೆ ಗಿಫ್ಟ್ ಬಂದಿದೆ. ಭಾನುವಾರ ಹೋಟೆಲ್‌ಗೆ ಬನ್ನಿ. ಮೇಡಂ ಜೊತೆಗೇ ಬರಬೇಕು, ಕ್ರೆಡಿಟ್ ಕಾರ್ಡ್ ತನ್ನಿ." ಇಬ್ಬರೂ ಎದುರಿಗಿದ್ದರೆ "ಮನೇಲಿ ಕೇಳಿ ಹೇಳ್ತೀವಿ" ಅನ್ನಲಾಗುವುದಿಲ್ಲ, ಕಾರ್ಡ್ ಜೇಬಿನಲ್ಲಿದ್ದರೆ "ದುಡ್ಡು ತಂದಿಲ್ಲ" ಅನ್ನಲಾಗುವುದಿಲ್ಲ. ಆ ಎರಡು ಷರತ್ತು ಅದಕ್ಕೇ. ಅಲ್ಲಿ ಮಾರುವುದು ಹಾಲಿಡೇ ಮೆಂಬರ್‌ಶಿಪ್ (ಟೈಮ್‌ಶೇರ್): ಮೊದಲೇ ದೊಡ್ಡ ಮೊತ್ತ ಕಟ್ಟಿ, ಹಲವು ವರ್ಷ, ವರ್ಷಕ್ಕೆ ಕೆಲವು ರಾತ್ರಿ ಕಂಪನಿಯ ರೆಸಾರ್ಟ್‌ಗಳಲ್ಲಿ ಉಳಿಯುವ ಯೋಜನೆ.

ಒಂದು ಗಂಟೆ ಎಂದದ್ದು ಮೂರು ಗಂಟೆಯಾಗುತ್ತದೆ. ಜೋರು ಸಂಗೀತ, ಪಕ್ಕದ ಟೇಬಲ್‌ನವರು ಸೇರಿಕೊಂಡರೆಂದು ಚಪ್ಪಾಳೆ. ಐದು ಲಕ್ಷದ ಪ್ಯಾಕೇಜ್ ಮ್ಯಾನೇಜರ್ ಬಂದು ಕೂತ ಮೇಲೆ "ಇವತ್ತು ಮಾತ್ರ" ಮೂರು ಲಕ್ಷಕ್ಕೆ ಇಳಿಯುತ್ತದೆ. ಮಗು ಹಸಿದು ಅಳುತ್ತಿರುವಾಗ ಹತ್ತಾರು ಪುಟದ ಒಪ್ಪಂದ ಓದುವವರು ಯಾರು? ಓದಬೇಕಾದ ಸಾಲುಗಳು ಇರುವುದು ಅಲ್ಲೇ: "ಕೊಠಡಿ ಲಭ್ಯತೆಗೆ ಒಳಪಟ್ಟಿದೆ", "ಬಾಯಿಮಾತಿನ ಭರವಸೆಗಳಿಗೆ ಕಂಪನಿ ಬದ್ಧವಲ್ಲ", "ವಾರ್ಷಿಕ ಶುಲ್ಕ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ". ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಯಲ್ಲಿ ಕೊಡಗಿಗೋ ಊಟಿಗೋ ರೂಮ್ ಕೇಳಿದಾಗ ಇಲ್ಲ ಎನ್ನಲು ಮೊದಲನೆಯ ಸಾಲೊಂದೇ ಸಾಕು. ಕೊಂಡದ್ದು ಕಟ್ಟಡದ ಪಾಲಲ್ಲ, ಬುಕಿಂಗ್ ಕೇಳುವ ಹಕ್ಕು ಅಷ್ಟೇ.

ಲೆಕ್ಕ ಹಾಕಿ ನೋಡಿ. ಉದಾಹರಣೆಗೆ ಮೂರು ಲಕ್ಷ ಕಟ್ಟಿ, 25 ವರ್ಷ, ವರ್ಷಕ್ಕೆ 6 ರಾತ್ರಿ. ಅದೇ ಮೂರು ಲಕ್ಷ ಎಫ್‌ಡಿಯಲ್ಲಿದ್ದರೆ ಶೇ. 7ರಂತೆ ವರ್ಷಕ್ಕೆ 21,000 ರೂಪಾಯಿ ಬರುತ್ತಿತ್ತು. ವಾರ್ಷಿಕ ಶುಲ್ಕ 15,000 ಎಂದುಕೊಂಡರೆ ಶೇ. 18 ಜಿಎಸ್‌ಟಿ ಸೇರಿ 17,700. ಎರಡೂ ಕೂಡಿ 38,700. ರಾತ್ರಿಯೊಂದಕ್ಕೆ 6,450 ರೂಪಾಯಿ. ಊಟ, ಪ್ರಯಾಣ ಬೇರೆ. ಆರೂ ರಾತ್ರಿ ಬಳಸಿದರೆ ಇಷ್ಟು. ಮೂರೇ ಸಿಕ್ಕರೆ ದುಪ್ಪಟ್ಟು. ಶುಲ್ಕ ವರ್ಷಕ್ಕೆ ಶೇ. 6 ಏರಿದರೆ 12 ವರ್ಷದಲ್ಲಿ ಎರಡರಷ್ಟಾಗುತ್ತದೆ. 25 ವರ್ಷ ಮುಗಿದಾಗ ಅಸಲೂ ವಾಪಸ್ ಬರುವುದಿಲ್ಲ. ಹೋಗಬೇಕೆಂದಿರುವ ರೆಸಾರ್ಟ್‌ನ ಮಾಮೂಲಿ ದರದ ಜೊತೆ ಈ ಅಂಕಿ ಹೋಲಿಸದೆ ಯಾರೂ ಸಹಿ ಹಾಕಬಾರದು.

ನಿಮ್ಮ ಪಾಲಿನ ರಾತ್ರಿಗಳನ್ನು ಬಾಡಿಗೆಗೆ ಕೊಟ್ಟು ದುಡ್ಡು ಮಾಡಿಕೊಳ್ಳಬಹುದು ಎನ್ನುತ್ತಾರೆ. ಎಷ್ಟೋ ಒಪ್ಪಂದಗಳು ವಾಣಿಜ್ಯ ಬಳಕೆಯನ್ನು ನಿಷೇಧಿಸುತ್ತವೆ. ಆರ್‌ಸಿಐ ಎಂಬ ರೆಸಾರ್ಟ್ ವಿನಿಮಯ ಸಂಸ್ಥೆಯ ಮೂಲಕ ನಿಮ್ಮ ರಾತ್ರಿಗಳ ಬದಲಿಗೆ ವಿದೇಶದಲ್ಲಿ ಉಳಿಯಬಹುದು ಎನ್ನುತ್ತಾರೆ. ಅಲ್ಲೂ ಪ್ರತಿ ವಿನಿಮಯಕ್ಕೆ ಶುಲ್ಕವಿದೆ, ನಿಮ್ಮದು ಬೇಡಿಕೆ ಕಡಿಮೆಯಿರುವ ಸೀಸನ್, ಚಿಕ್ಕ ಅಪಾರ್ಟ್‌ಮೆಂಟ್ ಆಗಿದ್ದರೆ ಬದಲಿಗೆ ಸಿಗುವುದೂ ಅಷ್ಟಕ್ಕಷ್ಟೇ. ಈ ಬಗೆಯ ರಜೆ ಇಷ್ಟವೇ ಎಂದು ತಿಳಿಯಬೇಕಾದರೆ ಒಮ್ಮೆ ಸದಸ್ಯರೊಬ್ಬರ ಪಾಲಿನ ರಾತ್ರಿಗಳಲ್ಲಿ, ಅವರ ಒಪ್ಪಂದ ಬಿಡುವುದಾದರೆ, ಅತಿಥಿಯಾಗಿ ಉಳಿದು ನೋಡಿ. ಬುಕಿಂಗ್ ನಿಮ್ಮ ಹೆಸರಿನಲ್ಲಿದೆಯೇ ಎಂದು ರೆಸಾರ್ಟ್‌ಗೇ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ದುಡ್ಡು ಕೊಡಿ.

"ರೂಮ್ ಬಳಸದಿದ್ದರೆ ದುಡ್ಡು ವಾಪಸ್, ಲಾಭವೂ ಉಂಟು" ಎಂದರೆ ಆ ಕ್ಷಣವೇ ಎದ್ದು ಬನ್ನಿ. ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿ ಹೀಗೇ 50 ಲಕ್ಷಕ್ಕೂ ಹೆಚ್ಚು ಜನರಿಂದ 7,000 ಕೋಟಿಗೂ ಹೆಚ್ಚು ಸಂಗ್ರಹಿಸಿತ್ತು. ಹಣ ಹಿಂದಿರುಗಿಸುವಂತೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಆದೇಶಿಸಿದ್ದು 2016ರಲ್ಲಿ.

ಸಹಿ ಆಗಿಹೋಗಿದ್ದರೆ ಒಂದು ದಿನವನ್ನೂ ಕಳೆಯಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ 14 ದಿನದೊಳಗೆ ರದ್ದು ಮಾಡುವ ಹಕ್ಕನ್ನು ಕಾನೂನೇ ಕೊಟ್ಟಿದೆ, ಆ ಅವಧಿಯಲ್ಲಿ ಮುಂಗಡ ಪಡೆಯುವುದಕ್ಕೂ ನಿಷೇಧವಿದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಕಾನೂನಿಲ್ಲ, ಒಪ್ಪಂದದಲ್ಲಿ ಏನಿದೆಯೋ ಅದೇ. ಹಲವು ಕಂಪನಿಗಳು 10 ದಿನ ಕೊಡುತ್ತವೆ. ಅಷ್ಟರೊಳಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ರದ್ದತಿ ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. "ಫೋನ್‌ನಲ್ಲಿ ಹೇಳಿದರೆ ಸಾಕು" ಎಂಬ ಮಾತು ನಂಬಬೇಡಿ, ದಿನ ತಳ್ಳಲು ಹಾಗೆ ಹೇಳುತ್ತಾರೆ.

ಜನ ಹೆಚ್ಚು ಪೆಟ್ಟು ತಿನ್ನುವುದು ಇಎಂಐನಲ್ಲಿ. ಕಾರ್ಡ್‌ನ ಇಎಂಐ ನಿಮ್ಮ ಮತ್ತು ಬ್ಯಾಂಕಿನ ನಡುವಿನ ಸಾಲ. ಮೆಂಬರ್‌ಶಿಪ್ ರದ್ದಾದರೂ ಅದು ತಾನಾಗಿ ನಿಲ್ಲುವುದಿಲ್ಲ. ಸಿಟ್ಟಿನಲ್ಲಿ ಕಟ್ಟುವುದು ಬಿಟ್ಟರೆ ಸಿಬಿಲ್ ಸ್ಕೋರ್ ಬೀಳುತ್ತದೆ. ರದ್ದತಿ ಪತ್ರದ ಪ್ರತಿಯೊಂದಿಗೆ ಬ್ಯಾಂಕಿಗೆ ಲಿಖಿತ ತಕರಾರು ಕೊಡಿ, ಅದು ಇತ್ಯರ್ಥವಾಗುವವರೆಗೆ ಕಂತು ಕಟ್ಟುತ್ತಿರಿ.

ಕಂಪನಿ ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915, ನಂತರ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ವ್ಯಾಜ್ಯ ಮುಂಬೈಯಲ್ಲೋ ದೆಹಲಿಯಲ್ಲೋ ಮಾತ್ರ ಎಂದು ಒಪ್ಪಂದದಲ್ಲಿದ್ದರೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು.

ಇಷ್ಟೆಲ್ಲ ಆಗಿ ಬೇಸತ್ತವರಿಗೆ ಇನ್ನೊಂದು ಕರೆ ಬರುತ್ತದೆ: "ನಿಮ್ಮ ಮೆಂಬರ್‌ಶಿಪ್ ಕೊಳ್ಳುವವರು ಸಿದ್ಧರಿದ್ದಾರೆ, ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ), ಜಿಎಸ್‌ಟಿಗೆ ಮೊದಲು ಸ್ವಲ್ಪ ಹಣ ಹಾಕಿ." ನಿಮ್ಮ ಸದಸ್ಯತ್ವ ಸಂಖ್ಯೆಯನ್ನೂ ಸರಿಯಾಗಿ ಹೇಳುತ್ತಾರೆ. ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಕಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.