ಹಳೇ ಯುದ್ಧದ ಟ್ಯಾಂಕ್, ಮುಂದಿನ ಕಾಲದ ಸೈನ್ಯ: ನಾನು ಕೊಯ್ದು ಕಟ್ಟಿದ ಐದು ಕಿಟ್‌ಗಳು

ಮೇಜಿನ ಮೇಲೆ ಚಿಕ್ಕ ಬೊಂಬೆ ಸೈನಿಕರನ್ನು ಇಟ್ಟು ಆಡುವ ಯುದ್ಧದ ಆಟ ನನ್ನ ಹವ್ಯಾಸ. ನಾಲ್ಕು ವರ್ಷದಿಂದ ಅದರಲ್ಲಿನ ನನ್ನ ಸೈ-ಫೈ ಸೈನ್ಯಕ್ಕೆ ಟ್ಯಾಂಕ್ ಕಟ್ಟುತ್ತಾ ಇದ್ದೇನೆ. ಇಲ್ಲಿಯವರೆಗೆ ಐದು ಆಗಿವೆ. ಒಂದೂ ಗೇಮ್ ಕಂಪನಿಯ ಪೆಟ್ಟಿಗೆಯಿಂದ ಬಂದದ್ದಲ್ಲ. ನಾಲ್ಕು ಎರಡನೇ ಮಹಾಯುದ್ಧದ ಕಾಲದವು, ಒಂದು ವಿಯೆಟ್ನಾಂ ಕಾಲದ್ದು. ಎಲ್ಲವೂ ಜಪಾನಿನ ಟಾಮಿಯಾ ಕಂಪನಿಯ, ಬಿಡಿ ಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್‌ಗಳೇ. ತಂದು, ಕೊಯ್ದು, ಬೇರೆ ಏನೇನೋ ಸೇರಿಸಿ ಅಂಟಿಸಿ ಬಣ್ಣ ಬಳಿದಿದ್ದೇನೆ. ಯಾವುದು ಒಳ್ಳೆಯದು, ಯಾವುದು ದುಡ್ಡಿಗೆ ದಂಡ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ವಾರ್‌ಹ್ಯಾಮರ್ ಎಂಬ ಆಟ ಮಾಡುವ ಗೇಮ್ಸ್ ವರ್ಕ್‌ಶಾಪ್ ತಾನೇ ನಡೆಸುವ ಟೂರ್ನಮೆಂಟ್‌ಗಳಲ್ಲಿ ಅವರದೇ ಮಾಡೆಲ್ ಬೇಕು, ಅಲ್ಲಿ ಈ ಟ್ಯಾಂಕ್‌ಗಳನ್ನು ಇಳಿಸಲು ಆಗುವುದಿಲ್ಲ. ಮನೆಯಲ್ಲಿ, ಗೆಳೆಯರ ಜೊತೆ, ಅಥವಾ ಒನ್ ಪೇಜ್ ರೂಲ್ಸ್ ತರಹ ಯಾವ ಮಾಡೆಲ್ ಇಟ್ಟರೂ ಸರಿ ಅನ್ನುವ ಆಟಗಳಲ್ಲಿ ಏನೂ ತೊಂದರೆ ಇಲ್ಲ.

ಈಗ ಸ್ಕೇಲ್, ಅಂದರೆ ನಿಜವಾದದ್ದಕ್ಕಿಂತ ಮಾಡೆಲ್ ಎಷ್ಟು ಪಟ್ಟು ಚಿಕ್ಕದು ಅನ್ನುವ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. ಆಟದ ಬೊಂಬೆಗೆ 28 ಮಿಮೀ ಅಂತ ಹೆಸರು, ಆದರೆ ನನ್ನ ಸೈನಿಕರನ್ನು ಬುಡದ ಚಕ್ಕೆ ಬಿಟ್ಟು ಅಳೆದರೆ 32-33 ಮಿಮೀ ಬರುತ್ತಾರೆ. ಐದೂವರೆ ಅಡಿಗೆ ಸ್ವಲ್ಪ ಜಾಸ್ತಿ, ಅಂದರೆ 1.7 ಮೀಟರ್ ಎತ್ತರದ ಮನುಷ್ಯ 1/56 ಸ್ಕೇಲ್‌ನಲ್ಲಿ 30 ಮಿಮೀ, 1/48ರಲ್ಲಿ 35 ಮಿಮೀ, 1/35ರಲ್ಲಿ 48 ಮಿಮೀಗೂ ಜಾಸ್ತಿ ಆಗುತ್ತಾನೆ. ಲೆಕ್ಕ ನೋಡಿದರೆ ನನ್ನ ಸೈನಿಕರು 1/56ಕ್ಕೂ 1/48ಕ್ಕೂ ನಡುವೆ ಬರುತ್ತಾರೆ. ಆದರೆ ಸೈ-ಫೈ ಬೊಂಬೆಗಳಿಗೆ ಭುಜ ಅಗಲ, ತಲೆ ದಪ್ಪ, ಕೈಯಲ್ಲಿ ದೊಡ್ಡ ಬಂದೂಕು ಇರುತ್ತದಲ್ವಾ, 1/56 ಟ್ಯಾಂಕ್ ಪಕ್ಕ ನಿಲ್ಲಿಸಿದರೆ ಇವನು ಅದರೊಳಗೆ ಹೇಗೆ ಹಿಡಿಸಿದ ಅಂತ ಅನ್ನಿಸುತ್ತದೆ. ಚರಿತ್ರೆಯ ಆಟ ಆಡುವವರಿಗೆ ರೂಬಿಕಾನ್, ವಾರ್‌ಲಾರ್ಡ್ ಕಂಪನಿಗಳ 1/56 ಕಿಟ್ ಚೆನ್ನಾಗಿವೆ. ನಮಗೆ ಅವು ಸಣ್ಣ, 1/48 ವಾಸಿ.

ಹಾಗಂತ 1/35 ಬೇಡ ಅಂತಲ್ಲ. ಅದರ ಗುಟ್ಟು ಇರುವುದು ಹ್ಯಾಚಿನಲ್ಲಿ, ಅಂದರೆ ಗನ್ ಹೊತ್ತು ತಿರುಗುವ ಗೋಪುರದ (ಟರೆಟ್) ಮೇಲಿನ ಮುಚ್ಚಳದಲ್ಲಿ. ನನ್ನ ಮೊದಲ 1/35 ಟ್ಯಾಂಕ್ ಕಟ್ಟಿ, ಹ್ಯಾಚ್ ತೆರೆದು, ಕಮಾಂಡರ್ ಬೊಂಬೆಯನ್ನು ಸೊಂಟದವರೆಗೆ ಒಳಗೆ ಇಟ್ಟು ನೋಡಿದೆ. ಬಾವಿಕಟ್ಟೆ ಹಿಡಿದು ಇಣುಕುವ ಮಗುವಿನ ಹಾಗೆ ಕಂಡ. ಸುತ್ತಲೂ ಅಷ್ಟು ಜಾಗ ಉಳಿದಿತ್ತು. ಅದೇ ಹ್ಯಾಚ್ ಮುಚ್ಚಿ, ಮೇಲೆ ಒಂದು ಪ್ಲೇಟ್ ಅಂಟಿಸಿ, ಪ್ಲೇಟಿನ ಮೇಲೆ ಚಿಕ್ಕದೊಂದು ಹ್ಯಾಚ್ ಕೂರಿಸಿದೆ. ಅರ್ಧ ಗಂಟೆ ಕೆಲಸ ಅಷ್ಟೇ, ಇಡೀ ಟ್ಯಾಂಕಿನ ಅಳತೆಯೇ ಬದಲಾಯಿತು. ನೋಡುವವರ ಕಣ್ಣು ಟ್ಯಾಂಕಿನ ಉದ್ದ ಅಳೆಯುವುದಿಲ್ಲ. ಮನುಷ್ಯ ಮುಟ್ಟುವ ಜಾಗಗಳನ್ನು ನೋಡಿ ಅಳತೆ ಊಹಿಸುತ್ತದೆ. ಹ್ಯಾಚ್, ಹಿಡಿಕೆ, ಮೆಟ್ಟಿಲು, ಹಲ್ (ಟರೆಟ್ ಬಿಟ್ಟು ಉಳಿದ ದೇಹ) ಮೇಲೆ ಕಟ್ಟಿರುವ ಸಲಿಕೆ, ಕೊಡಲಿ, ಪೆಟ್ರೋಲ್ ಕ್ಯಾನ್, ಮೆಷಿನ್ ಗನ್. 1/35 ಕಿಟ್ ತಂದರೆ ಇವೆಲ್ಲವನ್ನೂ ತೆಗೆಯಲೇಬೇಕು.

ಹಾಗಾಗಿ ನಾನು ಕಿಟ್ ಆರಿಸುವಾಗ ಟರೆಟ್ ಕಡೆ, ಬ್ಯಾರಲ್ ಕಡೆ ನೋಡುವುದೇ ಇಲ್ಲ. ಅವು ಹೇಗಿದ್ದರೂ ಬದಲಾಗುತ್ತವೆ. ಕೆಳಗಿನ ದೇಹ ಮತ್ತು ಗಾಲಿಗಳ ಸುತ್ತ ಓಡುವ ಪಟ್ಟಿ, ಅಂದರೆ ಟ್ರ್ಯಾಕ್ ನೋಡುತ್ತೇನೆ. ಟರೆಟ್ ಕಿತ್ತಿಟ್ಟ ಮೇಲೂ ನೋಡಬೇಕು ಅನ್ನಿಸುವ ಆಕಾರ ಇರಬೇಕು.

ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ 1/48 ಚರ್ಚಿಲ್ ಕ್ರೊಕೊಡೈಲ್, ಬ್ರಿಟಿಷರ ಟ್ಯಾಂಕ್. ನಿಜವಾದ ಚರ್ಚಿಲ್ 7.44 ಮೀಟರ್ ಉದ್ದ, ಅಂದರೆ ಮೇಜಿನ ಮೇಲೆ ಹದಿನೈದೂವರೆ ಸೆಂಟಿಮೀಟರ್. ಟ್ರ್ಯಾಕ್ ದೇಹದ ಮೇಲಿಂದ ಸುತ್ತಿ ಬರುತ್ತದೆ, ಮುಂದೆ ಎರಡು ಕೊಂಬಿನ ಹಾಗೆ ಚಾಚಿಕೊಂಡಿದೆ, ಪಕ್ಕಕ್ಕೆ ಹನ್ನೊಂದು ಹನ್ನೊಂದು ಚಿಕ್ಕ ಗಾಲಿ. ಮೊದಲನೇ ಮಹಾಯುದ್ಧದ ಟ್ಯಾಂಕ್‌ಗಳ ಛಾಯೆ ಅದರಲ್ಲಿ ಇನ್ನೂ ಉಳಿದಿದೆ, ಹಾಗಾಗಿ ಯಾವ ಕಾಲದ್ದು ಅಂತ ಥಟ್ಟನೆ ಹೇಳಲು ಆಗುವುದಿಲ್ಲ. ಸೈ-ಫೈಗೆ ಬೇಕಾಗಿರುವುದೇ ಅದು. ಪಕ್ಕದ ದುಂಡು ಬಾಗಿಲು ನಮ್ಮ ಬೊಂಬೆಗೆ ಸರಿಹೋಗುತ್ತದೆ, ಮುಟ್ಟಬೇಕಾಗಿಲ್ಲ.

ಕ್ರೊಕೊಡೈಲ್ ಅಂದರೆ ಬೆಂಕಿ ಉಗುಳುವ ಚರ್ಚಿಲ್. 1944ರಲ್ಲಿ ನಾರ್ಮಂಡಿಯಲ್ಲಿ ಇಳಿದದ್ದು. ಹಲ್ ಮುಂದಿನ ಮೆಷಿನ್ ಗನ್ ಜಾಗದಲ್ಲಿ ಬೆಂಕಿಯ ನಳಿಕೆ, ಹಿಂದೆ 400 ಗ್ಯಾಲನ್ ಇಂಧನ ಹೊತ್ತ ಕವಚದ ಟ್ರೇಲರ್, ಆ ಇಂಧನವನ್ನು ನೈಟ್ರೋಜನ್ ಒತ್ತಡದಿಂದ ಮುಂದಕ್ಕೆ ತಳ್ಳುತ್ತಿದ್ದರು. ಒಂದೇ ಪೆಟ್ಟಿಗೆಯಲ್ಲಿ ಟ್ಯಾಂಕ್ ಮತ್ತು ಟ್ರೇಲರ್ ಎರಡೂ ಸಿಗುತ್ತವೆ, ಇದು ದೊಡ್ಡ ಲಾಭ. ನಾನು ಟ್ರೇಲರನ್ನು ಬೇರೆ ಮಾಡಿ ಜನರೇಟರ್ ಮಾಡಿದೆ. ಮೇಲೆ ಶರ್ಟಿನ ಟಿಚ್ ಬಟನ್ ಅಂಟಿಸಿದರೆ ಅದೇ ಆಂಟೆನಾ. ಆಟದಲ್ಲಿ ಅದನ್ನು ಕಾಯಬೇಕಾದ ಗುರಿಯಾಗಿ ಇಡುತ್ತೇವೆ. ಟ್ಯಾಂಕಿಗೆ ಟರೆಟ್ ಕೆಳಗೆ 6 ಮಿಮೀ ಎತ್ತರದ ಒಂದು ಬಳೆ ಸೇರಿಸಿದೆ, ಅದರ ಗನ್ ತೆಗೆದು ಸ್ಕೆಚ್ ಪೆನ್ನಿನ ಕೊಳವೆಯಲ್ಲಿ ಎರಡು ಗಿಡ್ಡ, ದಪ್ಪ ಬ್ಯಾರಲ್ ಮಾಡಿದೆ. ಅಷ್ಟೇ ಬದಲಾವಣೆ. ಆಟಕ್ಕೆ ಬಂದವರು ಇದು ಯಾವ ಕಂಪನಿಯದು ಅಂತ ಕೇಳುತ್ತಾರೆಯೇ ಹೊರತು ಇದು ಚರ್ಚಿಲ್ ಅಂತ ಇಲ್ಲಿಯವರೆಗೆ ಯಾರೂ ಹೇಳಿಲ್ಲ.

ಎರಡನೆಯದು 1/35 ಎಂ113. ಇದು ಟ್ಯಾಂಕ್ ಅಲ್ಲ, ಸೈನಿಕರನ್ನು ಹೊತ್ತೊಯ್ಯುವ ಅಲ್ಯೂಮಿನಿಯಂ ಡಬ್ಬ, ವಿಯೆಟ್ನಾಂನಲ್ಲಿ ಅಮೆರಿಕದವರು ಓಡಿಸಿದ್ದು. 4.86 ಮೀಟರ್ ಉದ್ದ, 1/35ರಲ್ಲಿ ಸುಮಾರು 14 ಸೆಂಟಿಮೀಟರ್. ಇಷ್ಟು ಹೊತ್ತು 1/48 ಅಂತ ಹೇಳಿ ಈಗ 1/35 ಯಾಕೆ ಅಂತ ಕೇಳಬಹುದು. ಕಾರಣ ಹಿಂದಿನ ಬಾಗಿಲು. ಎಂ113ರ ಹಿಂಬದಿ ಪೂರ್ತಿ ಒಂದೇ ಹಲಗೆ, ಅದು ಕೆಳಕ್ಕೆ ಬಿದ್ದು ಇಳಿಜಾರು ಆಗುತ್ತದೆ. ಅದರ ಮೇಲೆ ಮೈತುಂಬ ಕವಚ ತೊಟ್ಟ ನನ್ನ ದೊಡ್ಡ ಸೈನಿಕನನ್ನು ನಿಲ್ಲಿಸಿದೆ. ತಲೆಯ ಮೇಲೆ ಸ್ವಲ್ಪ ಜಾಗ, ಭುಜದ ಪಕ್ಕ ಇನ್ನೊಬ್ಬ ನಿಲ್ಲುವಷ್ಟು ಜಾಗ. ಓಡಿ ಬಂದು ಇಳಿಯುವ ಹಾಗೇ ಕಾಣುತ್ತಾನೆ. 1/48 ಅಳತೆಯಲ್ಲಾದರೆ ಇದೇ ವಾಹನ 10 ಸೆಂಟಿಮೀಟರ್‌ಗೆ ಇಳಿಯುತ್ತದೆ, ಅಗಲ ಭುಜದವರು ಇಬ್ಬರು ಜೊತೆಯಾಗಿ ಇಳಿಯಲಾರರು.

ಡಬ್ಬದ ಆಕಾರ ಆದ್ದರಿಂದ ಅಳತೆ ಬಿಟ್ಟುಕೊಡುವ ಜಾಗಗಳೂ ಕಮ್ಮಿ. ಡ್ರೈವರ್ ಹ್ಯಾಚ್, ಕಮಾಂಡರ್ ಹ್ಯಾಚ್ ಎರಡನ್ನು ಮುಚ್ಚಿದರೆ ಮುಗಿಯಿತು. ಕಿಟ್ ಒಳಗೆ ಸೀಟು, ಎಂಜಿನ್ ಗೋಡೆ ಎಲ್ಲ ಕೊಟ್ಟಿದ್ದಾರೆ. ಸೀಟು ಮಾತ್ರ ಹಾಕಬೇಡಿ, ನಮ್ಮ ಬೊಂಬೆ ಕೂತರೆ ಕಾಲು ನೇತಾಡುತ್ತದೆ. ಇದು ಬಹಳ ಹಳೇ ಕಿಟ್, ಹಾಗಾಗಿ ಟ್ಯಾಂಕ್ ಕಿಟ್‌ಗಳಿಗಿಂತ ಬೆಲೆಯೂ ಕಮ್ಮಿ. ನನ್ನ ಪ್ರಕಾರ ಎರಡು ತೆಗೆದುಕೊಳ್ಳಿ. ಒಂದೇ ತರಹದ ಎರಡು ಗಾಡಿ ಜೊತೆಗೆ ನಿಂತಾಗ ಸೈನ್ಯ ಅನ್ನಿಸುತ್ತದೆ.

ಮೂರನೆಯದು ಅಮೆರಿಕದ ಎಂ3 ಲೀ ಟ್ಯಾಂಕ್, ಇದೂ 1/35. ಇದರ ಮೇಲೆ ನನಗೆ ವಿಶೇಷ ಪ್ರೀತಿ. ದೇಹದ ಬಲಭಾಗದಲ್ಲಿ 75 ಮಿಮೀ ಗನ್, ಮೇಲಿನ ಟರೆಟ್‌ನಲ್ಲಿ 37 ಮಿಮೀ ಗನ್, ಅದರ ತಲೆಯ ಮೇಲೆ ಇನ್ನೊಂದು ಮೆಷಿನ್ ಗನ್ ಗೂಡು. ಮೂರು ಅಂತಸ್ತಿನ ಮನೆ. ಎತ್ತರ ಜಾಸ್ತಿ ಆಗಿ ಶತ್ರುವಿಗೆ ದೂರದಿಂದಲೇ ಕಾಣುತ್ತಿತ್ತು, ನಿಜವಾದ ಯುದ್ಧದಲ್ಲಿ ಅದು ದೊಡ್ಡ ದೋಷ. ಮೇಜಿನ ಮೇಲೆ ಅದೇ ಇದರ ಚೆಲುವು. ಇದು ನಮಗೆ ಪೂರ್ತಿ ಹೊರಗಿನದ್ದೂ ಅಲ್ಲ. 1944ರಲ್ಲಿ ಇಂಫಾಲ, ಕೊಹಿಮಾದ ಗುಡ್ಡಗಳನ್ನು ಜಪಾನಿನ ಸೈನ್ಯದ ಎದುರು ಹತ್ತಿದ್ದು ಈ ಲೀ ಟ್ಯಾಂಕ್‌ಗಳೇ. ಕೊಹಿಮಾದಲ್ಲಿ ಒಂದನ್ನು ಈಗಲೂ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.

ಇದರ ಮೈಯೆಲ್ಲ ರಿವೆಟ್. ಇಲ್ಲೊಂದು ವಿಷಯ ಗೊತ್ತಿರಲಿ. ದಪ್ಪ ವಿವರ ಇರುವ ಟ್ಯಾಂಕ್‌ನ ಸ್ಕೇಲ್ ಬದಲಾದರೂ ಕಣ್ಣಿಗೆ ಹೊಡೆಯುವುದಿಲ್ಲ. 1/35 ರಿವೆಟ್ ನಮ್ಮ ಬೊಂಬೆಯ ಪಕ್ಕ ಮುಷ್ಟಿಯಷ್ಟು ದಪ್ಪ ಕಾಣುತ್ತದೆ, ಆದರೆ ಸೈ-ಫೈ ಬೊಂಬೆಗಳ ಕವಚದ ಮೇಲೂ ಅಂಥದ್ದೇ ದಪ್ಪ ರಿವೆಟ್ ಇರುತ್ತವಲ್ಲ, ಎರಡೂ ಒಂದೇ ಕಾರ್ಖಾನೆಯಿಂದ ಬಂದ ಹಾಗೆ ಹೊಂದಿಕೊಳ್ಳುತ್ತವೆ. ಇವತ್ತಿನ ಕಾಲದ ಟ್ಯಾಂಕ್‌ಗಳಲ್ಲಿ ಸಣ್ಣ ಬೋಲ್ಟು, ಕ್ಯಾಮೆರಾ, ವೈರು, ಬುಟ್ಟಿ ಜಾಸ್ತಿ. ಅವನ್ನು 1/35ರಲ್ಲಿ ತಂದರೆ ಕೆರೆದು ತೆಗೆಯುವುದರಲ್ಲೇ ವಾರ ಹೋಗುತ್ತದೆ.

ಲೀಗೆ ನಾನು ಮಾಡಿದ್ದು ಮೇಲಿನ ಟರೆಟ್ ಕಿತ್ತು ರೇಡಾರ್ ಕೂರಿಸಿದ್ದು, ಪಕ್ಕದ ಗನ್ನಿಗೆ ರೆಫಿಲ್ ತುಂಡುಗಳಿಂದ ಲೇಸರ್ ನಳಿಕೆ ಮಾಡಿದ್ದು. ಪಕ್ಕದ ಬಾಗಿಲು ಮಾತ್ರ ನಮ್ಮವರಿಗೆ ದೊಡ್ಡದು, ಅದರ ಮೇಲೆ ಪ್ಲೇಟ್ ಹಾಕಿ. ಒಂದು ಕೊರತೆ ಇದೆ. ಹಳೇ 1/35 ಕಿಟ್‌ಗಳ ರಬ್ಬರ್ ತರಹದ ಟ್ರ್ಯಾಕ್‌ಗೆ ಮಾಮೂಲಿ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ. ಬಿಸಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಬೆಸೆಯಬೇಕು. ಬಾಗಿಸಿದರೆ ಬಣ್ಣ ಬಿರಿಯುತ್ತದೆ, ಹಾಗಾಗಿ ಮೊದಲು ಸುತ್ತಿ ಕೂರಿಸಿ ಆಮೇಲೆ ಬಣ್ಣ ಹಚ್ಚಿ.

ಕೆವಿ-2 ಕಥೆ ಬೇರೆ. ಫಿನ್‌ಲೆಂಡ್ ಜೊತೆಗಿನ 1939-40ರ ಚಳಿಗಾಲದ ಯುದ್ಧದಲ್ಲಿ ಬಂಕರ್ ಒಡೆಯಲು ಅಂತ ಸೋವಿಯತ್‌ನವರು ಮಾಡಿದ್ದು. 152 ಮಿಮೀ ಹೊವಿಟ್ಜರ್ ಫಿರಂಗಿ ಹಿಡಿಸಲು ಗೋದ್ರೆಜ್ ಬೀರು ಮಲಗಿಸಿ ಕೂರಿಸಿದಂಥ ಟರೆಟ್. ಆ ಟರೆಟ್ ಎಷ್ಟು ಭಾರ ಅಂದರೆ ಟ್ಯಾಂಕ್ ಇಳಿಜಾರಿನಲ್ಲಿ ನಿಂತರೆ ತಿರುಗಿಸುವುದೇ ಕಷ್ಟವಾಗುತ್ತಿತ್ತು. 1/48, 1/35 ಎರಡೂ ಸಿಗುತ್ತವೆ. ನಾನು ತಂದದ್ದು 1/35, ಸುಮಾರು 20 ಸೆಂಟಿಮೀಟರ್. ಆಟಕ್ಕೆ ಒಂದು ಮಹಾ ಟ್ಯಾಂಕ್ ಬೇಕಿತ್ತು ಅಂತ.

ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಪೆಟ್ಟಿಗೆ ಪೂರ್ತಿ ಇದೆ ಅಂತ ಹೇಳಿದ್ದರು. ತೆರೆದು ಎಣಿಸಿದರೆ ಒಂದು ಪಕ್ಕದ ಗಾಲಿಗಳ ಸ್ಪ್ರೂ, ಅಂದರೆ ಬಿಡಿ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಬಹಳ ಬೇಜಾರಾಯಿತು, ಎರಡು ತಿಂಗಳು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆ. ಕೊನೆಗೆ ಫ್ಲೆಕ್ಸ್ ಬ್ಯಾನರ್ ಅಂಗಡಿಯಿಂದ 3 ಮಿಮೀ ಸನ್‌ಬೋರ್ಡ್ ಚೂರುಗಳನ್ನು ತಂದು, ಎರಡೂ ಪಕ್ಕ ನೆಲದಿಂದ ಒಂದು ಸೆಂಟಿಮೀಟರ್ ಬಿಟ್ಟು ಪೂರ್ತಿ ಕವಚ ಮಾಡಿದೆ. ಗಾಲಿಯೇ ಕಾಣುವುದಿಲ್ಲ. ಗಾಲಿ ಕಾಣದಿದ್ದರೆ ಅದು ಕೆವಿ ಅಂತ ಗುರುತು ಹಿಡಿಯುವುದೂ ಕಷ್ಟ. ಈಗ ಸೆಟ್ ಪೂರ್ತಿ ಇರುವ ಕಿಟ್‌ಗೂ ಇದನ್ನೇ ಮಾಡುತ್ತೇನೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ದುಡ್ಡು ಕೊಡುವ ಮೊದಲು ಪ್ರತಿ ಸ್ಪ್ರೂ ಫೋಟೋ ತರಿಸಿಕೊಳ್ಳಿ.

ಸನ್‌ಬೋರ್ಡ್‌ಗೆ ಪ್ಲಾಸ್ಟಿಕ್ ಕಿಟ್‌ನ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಫೆವಿಕ್ವಿಕ್ ಬೇಕು. ಕೊಯ್ದ ಅಂಚು ಸ್ಪಂಜಿನ ಹಾಗೆ ತೂತು ತೂತಾಗಿರುತ್ತದೆ. ಅದಕ್ಕೆ ತೆಳ್ಳಗೆ ಪುಟ್ಟಿ ಸವರಿ, ಒಣಗಿದ ಮೇಲೆ ಮರಳು ಕಾಗದ ತಿಕ್ಕಿ. ಸಂದು ಮುಚ್ಚಲು ಎಂ-ಸೀಲ್ ಸಾಕು, ಒದ್ದೆ ಬೆರಳಲ್ಲಿ ನೇವರಿಸಿದರೆ ನುಣ್ಣಗಾಗುತ್ತದೆ. ಸ್ವಲ್ಪ ಒರಟು ಉಳಿದರೂ ಎರಕದ ಲೋಹದ ಹಾಗೆ ಕಾಣುತ್ತದೆ, ಇಂಥ ಟ್ಯಾಂಕಿಗೆ ಅದು ಚೆಂದವೇ.

ಐಎಸ್-3 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಗು ಈಟಿಯಂತೆ ಚೂಪು, ಟರೆಟ್ ಬೋರಲು ಹಾಕಿದ ಬಾಣಲೆ. 1945ರ ಸೆಪ್ಟೆಂಬರ್ 7ರಂದು ಬರ್ಲಿನ್ ಪರೇಡ್‌ನಲ್ಲಿ ಮೊದಲ ಸಲ ಹೊರಗಿನವರ ಕಣ್ಣಿಗೆ ಬಿದ್ದಾಗ ಎಲ್ಲರೂ ಬೆಚ್ಚಿದ್ದರಂತೆ. ಅದರ ಚೆಲುವಿಗೆ ಮನಸೋತೇ ತಂದೆ. ತೊಂದರೆ ಏನೆಂದರೆ ಅದು ಆಗಲೇ ಪೂರ್ತಿಯಾಗಿದೆ. ಏನು ಸೇರಿಸಿದರೂ ಕೆಡುತ್ತದೆ, ಏನೂ ಸೇರಿಸದಿದ್ದರೆ ಸೋವಿಯತ್ ಟ್ಯಾಂಕ್ ಆಗಿಯೇ ಉಳಿಯುತ್ತದೆ. 1/35ರಲ್ಲಿ ಬ್ಯಾರಲ್ ಸೇರಿ 28 ಸೆಂಟಿಮೀಟರ್, ಮೇಜಿನ ಕಟ್ಟಡಗಳ ನಡುವೆ ತಿರುಗುವುದೇ ಇಲ್ಲ. ಬ್ಯಾರಲ್ ಅರ್ಧ ಕೊಯ್ದು ಈಗ ಆಡಿಸುತ್ತಿದ್ದೇನೆ, ಆದರೆ ಇನ್ನೊಂದು ಸಲ ಕೊಳ್ಳುವುದಿಲ್ಲ.

ಟೈಗರ್, ಟಿ-34, ಶೆರ್ಮನ್ ಮೂರನ್ನೂ ಬಿಟ್ಟುಬಿಡಿ ಅನ್ನುತ್ತೇನೆ. ಸುಲಭವಾಗಿ ಸಿಗುತ್ತವೆ, ಕಿಟ್‌ಗಳೂ ಚೆನ್ನಾಗಿವೆ. ಆದರೆ ಸಿನಿಮಾ, ವಿಡಿಯೋ ಗೇಮ್‌ಗಳಲ್ಲಿ ನೋಡಿ ನೋಡಿ ಎಲ್ಲರಿಗೂ ಮುಖಪರಿಚಯ ಆಗಿಬಿಟ್ಟಿದೆ. ಟರೆಟ್ ಬದಲಿಸಿ, ನೀಲಿ ಬಣ್ಣ ಬಳಿದು, ಆಂಟೆನಾ ಹತ್ತು ಚುಚ್ಚಿದರೂ ಮೊದಲು ಕೇಳುವ ಮಾತು "ಇದು ಟೈಗರ್ ಅಲ್ವಾ?"

1/48 ಕಿಟ್ ಕೊಳ್ಳುವಾಗ ಇನ್ನೊಂದು ನೋಡಿಕೊಳ್ಳಿ. ಟಾಮಿಯಾದ ಈ ಸರಣಿಯ ಮೊದಮೊದಲ ಕೆಲವು ಕಿಟ್‌ಗಳಲ್ಲಿ ಕೆಳಗಿನ ಹಲ್ ಲೋಹದ್ದು. ಕೈಗೆ ತೂಕವಾಗಿ ಚೆನ್ನಾಗಿರುತ್ತದೆ, ಆದರೆ ಕೊಯ್ಯಬೇಕು ಅಂತಿದ್ದರೆ ಬ್ಲೇಡ್ ನಡೆಯುವುದಿಲ್ಲ, ಮಾಮೂಲಿ ಅಂಟೂ ಹಿಡಿಯುವುದಿಲ್ಲ. ಮೇಲಿನ ಭಾಗ ಮಾತ್ರ ಬದಲಿಸುವವರಿಗೆ ಅಡ್ಡಿ ಇಲ್ಲ.

ಮೊದಲ ಸಲ ಕೈ ಹಾಕುವವರು ಎಂ113ರಿಂದ ಶುರು ಮಾಡಿ. ತಪ್ಪು ಕೊಯ್ದರೂ ಚಪ್ಪಟೆ ಗೋಡೆ ಆದ್ದರಿಂದ ಪ್ಲೇಟ್ ಹಾಕಿ ಮುಚ್ಚಬಹುದು. ಚರ್ಚಿಲ್ ಎರಡನೆಯದಾಗಲಿ. ನಾನು ಈಗ 1/48 ಮಟಿಲ್ಡಾ ಟ್ಯಾಂಕ್ ತರಿಸಿದ್ದೇನೆ. ಅದರ ಪಕ್ಕದ ಕವಚ ಕಂಪನಿಯಿಂದಲೇ ಬರುತ್ತದೆ, ಗಾಲಿ ಆಗಲೇ ಮುಚ್ಚಿದೆ. ಟರೆಟ್ ಇನ್ನೂ ಅಂಟಿಸಿಲ್ಲ. ಈ ಭಾನುವಾರ ಚರ್ಚಿಲ್ ಪಕ್ಕ ಇಟ್ಟು ಎತ್ತರ ನೋಡಿ, ಬಳೆ ಎಷ್ಟು ಮಿಮೀ ಬೇಕು ಅಂತ ತೀರ್ಮಾನಿಸುತ್ತೇನೆ.